ಬರಿಗಾಲಿನ ಪ್ರದಕ್ಷಿಣೆ

ಚಾಮರಾಜಪೇಟೆಯ ಆಸ್ಪತ್ರೆಯೊಂದರಲ್ಲಿ, ನನ್ನ ತಾಯಿಯವರ ಬಲಗಾಲಿಗೆ ಸುತ್ತಿದ್ದ ಹಳೆಯ ಸೀರೆಯ ತುಂಡನ್ನು ನರ್ಸ್ ಬಿಚ್ಚಿದರು. ಹೆಬ್ಬೆರಳು ಪೂರ್ತಿ ಕಪ್ಪಾಗಿತ್ತು.

“ಇಷ್ಟು ದಿನ ನೋವೇ ಆಗ್ಲಿಲ್ವಾ ಅಮ್ಮಾ? ಶುಗರ್ ಇರೋರು ಬರಿಗಾಲಲ್ಲಿ ಓಡಾಡ್ತಾರಾ?” ಎಂದು ನರ್ಸ್ ಗದರಿದರು.

“ಚಪ್ಪಲಿ ಹಾಕ್ಕೊಂಡು ಯಾರಾದ್ರೂ ಪ್ರದಕ್ಷಿಣೆ ಹಾಕ್ತಾರೇನೇ? ಒಳ್ಳೆ ಹುಡುಗಿ ನೀನು! ಬೇಗ ಕಟ್ಬಿಡು, ಇನ್ನೂ ನಾಲ್ಕು ದಿನದ್ದು ಬಾಕಿ ಇದೆ. ಇವನ ಕೆಲ್ಸ ಪರ್ಮನೆಂಟ್ ಆಗ್ಬೇಕು,” ಎಂದರು ತಾಯಿಯವರು.

ಆ ಹರಕೆಯು ನಾನೇ ಕಟ್ಟಿದ ಸುಳ್ಳಾಗಿತ್ತು. ಸಕ್ಕರೆ ಕಾಯಿಲೆಗೆ ಪ್ರತಿದಿನ ನಡೆಯಬೇಕೆಂದು ವೈದ್ಯರು ಎಷ್ಟು ಹೇಳಿದರೂ, ಕೆಲಸವಿಲ್ಲದೆ ಬೀದಿ ಸುತ್ತಿದರೆ ಜನ ನಗುತ್ತಾರೆಂದು ಅವರು ಹೊರಗೆ ಕಾಲಿಡುತ್ತಿರಲಿಲ್ಲ. ನಮ್ಮ ಮನೆತನದ ಮೊದಲ ಪದವೀಧರನಾದ ನಾನು ಉಪಾಯವೊಂದನ್ನು ಹೂಡಿದೆ. ನಮ್ಮ ಬೀದಿಯ ದೇವಸ್ಥಾನಕ್ಕೆ ನಲವತ್ತೆಂಟು ದಿನ, ದಿನಕ್ಕೆ ಐವತ್ತು ಸುತ್ತಿನಂತೆ ಪ್ರದಕ್ಷಿಣೆ ಹಾಕಿದರೆ ನನ್ನ ತಾತ್ಕಾಲಿಕ ನೌಕರಿ ಖಾಯಂ ಆಗುವುದೆಂದು ಜೋಯಿಸರು ಹೇಳಿದ್ದಾರೆಂದು ನಂಬಿಸಿದೆ. ಅವರು ಒಂದು ದಿನವೂ ತಪ್ಪಿಸಲಿಲ್ಲ. ಬೇಸಿಗೆಯ ಬಿಸಿಲಿಗೆ ಅಂಗಳದ ಕಲ್ಲು ಕಾಯುತ್ತದೆಂಬುದಾಗಲಿ, ಸಕ್ಕರೆ ಕಾಯಿಲೆಯವರ ಪಾದಕ್ಕೆ ಬೊಬ್ಬೆ ಬಂದರೂ ತಿಳಿಯುವುದಿಲ್ಲವೆಂಬುದಾಗಲಿ ನನಗೆ ಹೊಳೆಯಲೇ ಇಲ್ಲ.

ಹೆಬ್ಬೆರಳನ್ನು ತೆಗೆಯಬೇಕಾಯಿತು. ಉಳಿದ ನಾಲ್ಕು ದಿನದ ಸುತ್ತುಗಳನ್ನು ನಾನೇ ಮುಗಿಸಬೇಕೆಂದು ತಾಯಿಯವರು ಹಟ ಹಿಡಿದರು. ನಿಜವನ್ನು ಹೇಳುವ ಧೈರ್ಯ ನನಗೆ ಅಂದು ಬರಲಿಲ್ಲ, ಇಂದಿಗೂ ಬಂದಿಲ್ಲ. ಬರಿಗಾಲಿನಲ್ಲಿ ಹೋದೆ. ಮೊದಲ ಸುತ್ತಿನಲ್ಲಿಯೇ ನನ್ನ ಅಂಗಾಲು ಸುಟ್ಟಿತು.