ಮೈಕಮ್ಮನ ಉಸಿರು

ಈ ಕಡಲಿನಿಂದ ಆ ಕಡಲಿನವರೆಗೆ ವ್ಯಾನಿನಲ್ಲಿ ದೇಶ ಸುತ್ತಿ ಬಂದವರನ್ನು ಏನೇನು ನೋಡಿದಿರಿ ಎಂದು ಕೇಳಿದರೆ ಬಾಯಿ ತುಂಬ ಹೇಳುವುದಕ್ಕೆ ಏನಾದರೂ ಇರಬೇಕು. ಜಲಪಾತ, ಕೋಟೆ, ಹಾಳಾಗಿ ಹೋಗಲಿ, ಒಂದು ಮೃಗಾಲಯ. ನಮ್ಮ ಭಾವನನ್ನು ಕೇಳಿ ನೋಡಿ. ಬಸ್‌ಸ್ಟ್ಯಾಂಡ್ ನೋಡಿದೆವು ಎನ್ನುತ್ತಾರೆ. ಆಮೇಲೆ? ಇನ್ನೊಂದು ಬಸ್‌ಸ್ಟ್ಯಾಂಡ್. ಅಷ್ಟು ಡೀಸೆಲ್ ಸುಟ್ಟು ಬಸ್‌ಸ್ಟ್ಯಾಂಡ್ ನೋಡಿಕೊಂಡು ಬಂದ ಗಂಡಹೆಂಡತಿ ಭೂಮಿಯ ಮೇಲೆ ಇವರಿಬ್ಬರೇ ಇರಬೇಕು. ಮೊದಲು ನಾನೂ ನಕ್ಕೆ. ಪೂರ್ತಿ ಕೇಳಿದ ಮೇಲೆ ನಮ್ಮೂರಿನ ಬಸ್‌ಸ್ಟ್ಯಾಂಡಿಗೂ ಒಬ್ಬಳೇ ಹೋಗಲು ಮನಸ್ಸಾಗುವುದಿಲ್ಲ.

ನಮ್ಮಕ್ಕ ಕೆಲಸ ಮಾಡಿದ್ದೇ ಬಸ್‌ಸ್ಟ್ಯಾಂಡಿನಲ್ಲಿ. ಯಾವ ಬಸ್ಸು ಯಾವ ಅಂಕಣದಿಂದ ಹೊರಡುತ್ತದೆ ಎಂದು ಮೈಕಿನಲ್ಲಿ ಹೇಳುವವಳು. ಅಲ್ಲಿನವರೆಲ್ಲ ಅವಳನ್ನು ಮೈಕಮ್ಮ ಎಂದೇ ಕರೆಯುತ್ತಿದ್ದರು. ಮಹಡಿಯ ಮೇಲೆ ಗಾಜಿನ ಕಿಟಕಿಯ ಸಣ್ಣ ಕೋಣೆ, ಒಂದು ಮೇಜು, ಕಾಲು ಅಲ್ಲಾಡುವ ಕುರ್ಚಿ, ಉಸಿರು ತಾಗಿ ತಾಗಿ ಹಳದಿಯಾದ ಸ್ಪಂಜಿನ ಟೋಪಿ ಹಾಕಿದ ಮೈಕು. ಮಾತಾಡುವ ಮುಂಚೆ ಫ್ಯಾನ್ ನಿಲ್ಲಿಸಬೇಕು, ಇಲ್ಲದಿದ್ದರೆ ಕೆಳಗಿನವರಿಗೆ ಬಿರುಗಾಳಿ ಬಂದ ಹಾಗೆ ಕೇಳಿಸುತ್ತದೆ. ಉಸಿರೆಳೆದುಕೊಂಡು ಆಮೇಲೆ ಸ್ವಿಚ್ ಒತ್ತಬೇಕು ಎಂದು ಕಲಿಸಿದ್ದರಂತೆ. ಅಕ್ಕನದು ಉಲ್ಟಾ. ಮೊದಲು ಸ್ವಿಚ್, ಆಮೇಲೆ ಉಸಿರು. ಹಾಗಾಗಿ ಪ್ರತಿ ಸಲವೂ ಇಡೀ ಸ್ಟ್ಯಾಂಡಿಗೆ ಮೊದಲು ಅವಳ ಉಸಿರು ಕೇಳಿಸುತ್ತಿತ್ತು, ಆಮೇಲೆ ಮಾತು. ಮೇಲಿನವರು ಬೈದರೂ ಆ ಚಾಳಿ ಹೋಗಲಿಲ್ಲ.

ಭಾವ ಆಗ ಬಸ್ ಡ್ರೈವರ್. ಹೊರಡುವ ಹೊತ್ತಾದರೂ ಚಹಾದಂಗಡಿ ಬಿಟ್ಟು ಏಳುತ್ತಿರಲಿಲ್ಲ. ಆಗ ಅಕ್ಕ ಅವರ ಬಸ್ಸಿನ ನಂಬರ್ ಹೇಳಿ, ಚಾಲಕರು ಎಲ್ಲಿದ್ದರೂ ಕೂಡಲೇ ತಮ್ಮ ವಾಹನದ ಬಳಿ ಬರಬೇಕು ಎಂದು ಕರೆಯಬೇಕಾಗುತ್ತಿತ್ತು. ದಿನಾ ಇದೇ ಗೋಳು. ಮದುವೆಯಾದ ಮೇಲೆ ಗುಟ್ಟು ಬಿಟ್ಟರು.

“ನಾನೇನು ಚಹಾಕ್ಕೆ ಕೂತಿರ್ತಿದ್ನಾ? ಇವಳು ಕರೀಲಿ ಅಂತ ಕೂತಿರ್ತಿದ್ದೆ. ಮಾತು ಬರೋ ತನಕ ಯಾರು ಕಾಯ್ತಾರೆ? ಆ ಉಸಿರು ಕೇಳಿದ್ರೆ ಸಾಕು, ಕಾಲು ತಾನಾಗೇ ಎದ್ದುಬಿಡೋದು!”

ಬಸ್ಸಿನವರು ಮುಂದೆ ಯಂತ್ರ ತಂದರು. ಊರುಗಳ ಹೆಸರು, ಗಂಟೆ, ಅಂಕಣದ ನಂಬರ್, ಚಾಲಕರನ್ನು ಕರೆಯುವ ಮಾತು ಎಲ್ಲವನ್ನೂ ತುಂಡು ತುಂಡಾಗಿ ಅಕ್ಕನಿಂದಲೇ ಹೇಳಿಸಿ ಅದರೊಳಗೆ ತುಂಬಿದರು. ಬೇಕಾದ ಗುಂಡಿ ಒತ್ತಿದರೆ, ಇಲ್ಲವೇ ಗಂಟೆ ಹೊಂದಿಸಿಟ್ಟರೆ ತಾನಾಗಿಯೇ, ತುಂಡುಗಳು ಕೂಡಿಕೊಂಡು ಮಾತಾಗುತ್ತಿದ್ದವು. ಆ ಯಂತ್ರ ದೇಶದ ಎಷ್ಟೋ ಸ್ಟ್ಯಾಂಡುಗಳಿಗೆ ಹೋಯಿತು. ಉಸಿರನ್ನು ಕತ್ತರಿಸಿ ತೆಗೆಯಲು ಹೋದ ರೆಕಾರ್ಡಿಂಗಿನವನು ಕೊನೆಗೆ ಕೈಮುಗಿದು ಹಾಗೇ ಬಿಟ್ಟನಂತೆ.

ಆಮೇಲೆ ಅಕ್ಕನ ಗಂಟಲಲ್ಲಿ ಗೆಡ್ಡೆ ಬಂತು. ಆಪರೇಷನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಜೀವ ಉಳಿಯಿತು, ಮಾತು ಹೋಯಿತು. ಈಗ ಅವಳು ಉಸಿರಾಡುವುದು ಕತ್ತಿನ ಕೆಳಗಿನ ಒಂದು ಸಣ್ಣ ತೂತಿನಿಂದ. ಅದರ ಮೇಲೆ ತಾನೇ ಹೊಲಿದ ಬಿಳಿ ಬಟ್ಟೆ ಕಟ್ಟಿಕೊಳ್ಳುತ್ತಾಳೆ. ಭಾವನಿಗೆ ಏನು ಕೊರಗು ಎಂದರೆ, ಮನೆಯಲ್ಲಿ ಅವಳ ಧ್ವನಿ ಒಂದು ಚೂರೂ ಇಲ್ಲ. ದಿನವಿಡೀ ಬೈಯುವ ಹೆಂಡತಿಯ ಮಾತನ್ನು ಯಾರು ತಾನೇ ರೆಕಾರ್ಡ್ ಮಾಡಿ ಇಟ್ಟುಕೊಳ್ಳುತ್ತಾರೆ? ನಮ್ಮೂರ ಸ್ಟ್ಯಾಂಡಿಗೂ ಅಷ್ಟರಲ್ಲಿ ಹೊಸ ಯಂತ್ರ ಬಂದಿತ್ತು, ಅದರೊಳಗಿನ ಹುಡುಗಿ ಉಸಿರಾಡುವುದೇ ಇಲ್ಲ. ದೂರದ ಕೆಲವು ಊರುಗಳಲ್ಲಿ ಇನ್ನೂ ಹಳೇ ಮೈಕಮ್ಮನೇ ಇದ್ದಾಳೆ ಎಂದು ಯಾರೋ ಡ್ರೈವರ್ ಹೇಳಿದ್ದೇ ತಡ, ಭಾವ ಒಂದು ಹಳೇ ವ್ಯಾನ್ ತಂದು, ಹಿಂದೆ ಹಾಸಿಗೆ, ಸ್ಟವ್ ಇಟ್ಟು, ಅಕ್ಕನನ್ನು ಕೂರಿಸಿಕೊಂಡು ಹೊರಟೇಬಿಟ್ಟರು.

ಈ ಕಥೆಯನ್ನು ಭಾವ ಬಾಯಲ್ಲಿ ಹೇಳಿದರು, ಅಕ್ಕ ಕೈಯಲ್ಲಿ ಹೇಳಿದಳು. ಎರಡರಲ್ಲಿ ನಾನು ನಂಬುವುದು ಅಕ್ಕನ ಕೈಗಳನ್ನು. ಭಾವನಿಗೆ ಮೊದಲಿನಿಂದಲೂ ಬಾಯಿ ಸ್ವಲ್ಪ ಉದ್ದ.

ವ್ಯಾನಿನಲ್ಲಿ ಇಬ್ಬರೂ ಹಳೇ ಕಂಡಕ್ಟರ್ ಲೆಕ್ಕ ಇಟ್ಟುಕೊಂಡಿದ್ದರು. ಅಕ್ಕ ಮುಂದಿನ ಹಲಗೆಯನ್ನು ಒಂದು ಸಲ ತಟ್ಟಿದರೆ ನಿಲ್ಲಿಸು, ಎರಡು ಸಲ ತಟ್ಟಿದರೆ ಹೊರಡು. ಮೊದಲ ದೊಡ್ಡ ಊರು ತುಂಬ ಚೆನ್ನಾಗಿತ್ತಂತೆ. ಜನಜಂಗುಳಿಯ ನಡುವೆ ಅವಳ ಉಸಿರು, ಆಮೇಲೆ ಅವಳ ಮಾತು. ಭಾವನ ಕೈಯಲ್ಲಿದ್ದ ಬ್ರೆಡ್ಡು ನೆಲಕ್ಕೆ ಬಿತ್ತು. ಗಡ್ಡ ನೆರೆತ ಗಂಡಸು ನಟ್ಟನಡುವೆ ನಿಂತು ಗೊಳೋ ಎಂದು ಅತ್ತರು. ಅಕ್ಕ ಅವರ ತೋಳು ಹಿಡಿದು, ಮೇಲಿನ ಧ್ವನಿಗೆ ಸರಿಯಾಗಿ ತುಟಿ ಆಡಿಸಿ ತೋರಿಸಿದಳು. ಇಬ್ಬರೂ ನಕ್ಕರು. ನನ್ನ ಪಾಲಿಗೆ ಪ್ರವಾಸದಲ್ಲಿ ಎಲ್ಲಕ್ಕಿಂತ ಒಳ್ಳೆಯ ದಿನ ಅದು ಎಂದು ಅಕ್ಕ ಕೈ ಎದೆಗಿಟ್ಟು ಹೇಳಿದಳು.

ಆಮೇಲೆ ಬೆಟ್ಟದ ಮೇಲಿನ ಒಂದು ಊರು. ಮಂಜು ಎಷ್ಟಿತ್ತೆಂದರೆ ಸ್ಟ್ಯಾಂಡಿನ ಕಂಬಗಳೂ ಕಾಣಿಸುತ್ತಿರಲಿಲ್ಲ. ಎಲ್ಲಿಂದಲೋ ಅವಳ ಧ್ವನಿ ಬಂತು. ಭಾವ “ಬಂದೆ, ಬಂದೆ” ಎನ್ನುತ್ತಾ ಮಂಜಿನೊಳಗೆ ನಡೆದುಬಿಟ್ಟರು. ಅಕ್ಕ ಚಪ್ಪಾಳೆ ತಟ್ಟಿದಳು, ತಟ್ಟಿದಳು, ಅಂಗೈ ಕೆಂಪಾಯಿತು. ಎಷ್ಟೋ ಹೊತ್ತಿಗೆ ವಾಪಸು ಬಂದರು, ಕೂದಲೆಲ್ಲ ಒದ್ದೆ, ಮುಖದಲ್ಲಿ ಯಾರನ್ನೋ ಕಂಡು ಬಂದ ಹಾಗೆ ಒಂದು ನಗು.

“ಇವತ್ಯಾಕೋ ಅವಳ ಗಂಟಲು ಒಣಗಿದೆ ಕಣೇ” ಎಂದರು.

ಅವಳ! ಪಕ್ಕದಲ್ಲೇ ನಿಂತ ಹೆಂಡತಿಗೆ ಹೆಂಡತಿಯ ಸುದ್ದಿ ಹೇಳುವ ಗಂಡಸನ್ನು ಎಲ್ಲಾದರೂ ಕಂಡಿದ್ದೀರಾ? ನಾನಾಗಿದ್ದರೆ ಅಲ್ಲೇ ವ್ಯಾನಿನ ಬೀಗದ ಕೈ ಕಿತ್ತುಕೊಂಡು ಮನೆಗೆ ಬಂದುಬಿಡುತ್ತಿದ್ದೆ.

ಅಲ್ಲಿಂದ ಮುಂದೆ ಭಾವ ದಾರಿ ನೋಡುವುದನ್ನು ಬಿಟ್ಟರು. ಕತ್ತು ಒಂದು ಕಡೆ ವಾಲಿಸಿಕೊಂಡು, ಇಂಜಿನ್ನಿನ ಸದ್ದಿನ ಆಚೆ ಏನನ್ನೋ ಕೇಳುತ್ತಾ ಓಡಿಸುವುದು. ಅಕ್ಕನ ಕೈಮಾತಿಗೆ ತಲೆಯಾಡಿಸುತ್ತಿದ್ದರು, ಕಣ್ಣು ಮಾತ್ರ ಎಲ್ಲೋ. ದಾರಿಯಲ್ಲಿ ಒಂದು ಕೆರೆ ಸಿಕ್ಕಿತಂತೆ. ನೀರು ಕಾಣದಷ್ಟು ಬಿಳಿ ಹಕ್ಕಿಗಳು. ಅಕ್ಕ ಹಲಗೆಯನ್ನು ಒಂದು ಸಲ ತಟ್ಟಿದಳು. ನಿಲ್ಲಿಸಲಿಲ್ಲ. ಇನ್ನೊಂದು ಸಲ ತಟ್ಟಿದಳು. ವ್ಯಾನ್ ಇನ್ನೂ ಜೋರಾಯಿತು. ತೋಳು ಹಿಡಿದು ಅಲ್ಲಾಡಿಸಿದ್ದಕ್ಕೆ, “ಎರಡು ಸಲ ತಟ್ಟಿದ್ಯಲ್ಲ, ಹೊರಡು ಅಂತ ತಾನೇ?” ಎಂದರು. ಈಗಲೂ ಆ ಕೆರೆಯ ಮಾತೆತ್ತಿದರೆ ಭಾವ ಯಾವ ಕೆರೆ ಎಂದು ಕೇಳುತ್ತಾರೆ.

ಇದನ್ನು ಹೇಳುವಾಗ ಅಕ್ಕ, ಗಂಡ ಇನ್ನೊಬ್ಬಳ ಹಿಂದೆ ಹೋದರೆ ಅವಳ ಜುಟ್ಟು ಹಿಡಿದು ಎಳೆಯಬಹುದು, ಆ ಇನ್ನೊಬ್ಬಳು ನಾನೇ ಆದರೆ ಯಾರ ಜುಟ್ಟು ಹಿಡಿಯಲಿ ಎಂದಳು. ನಾನು ನಗಲಿಲ್ಲ. ಭಾವ ಒಂದು ದಿನ ಯಾವುದೋ ಸ್ಟ್ಯಾಂಡಿನಲ್ಲಿ ಇಳಿದವರು ಮತ್ತೆ ಹತ್ತುವುದೇ ಇಲ್ಲ ಎಂಬ ಭಯ ಅವಳಿಗೆ ಆಗಲೇ ಹತ್ತಿಕೊಂಡಿತ್ತು.

ಆ ದಿನ ಬಂದೇ ಬಂತು, ಬಯಲುಸೀಮೆಯಲ್ಲಿ, ಮಟಮಟ ಮಧ್ಯಾಹ್ನ. ಹೊಸ ಹೆದ್ದಾರಿ ಬೇರೆ ಕಡೆಯಿಂದ ಹಾದುಹೋಗಿ, ಆ ಸ್ಟ್ಯಾಂಡನ್ನು ಮುಚ್ಚಿ ಎಷ್ಟೋ ಕಾಲವಾಗಿತ್ತು. ಕಲ್ಲುಹಾಸಿನ ಸಂದಿಯಲ್ಲಿ ಮೊಣಕಾಲುದ್ದ ಹುಲ್ಲು. ಮಾಡಿನ ಮೇಲೆ ಬಿಸಿಲಿನಿಂದ ಕರೆಂಟು ಮಾಡುವ ಸೋಲಾರ್ ಹಲಗೆ ಹಾಕಿದ್ದರು, ಅದು ಹಾಗೇ ಉಳಿದಿತ್ತು. ಯಂತ್ರವನ್ನು ನಿಲ್ಲಿಸಬೇಕೆಂದು ಯಾರಿಗೂ ನೆನಪಾಗಿರಲಿಲ್ಲ. ಹೊತ್ತುಹೊತ್ತಿಗೆ ಸರಿಯಾಗಿ ಅಕ್ಕನ ಧ್ವನಿ ಇಲ್ಲದ ಬಸ್ಸುಗಳ ಹೆಸರು ಹೇಳುತ್ತಿತ್ತು.

ಬೆಂಚುಗಳ ಮೇಲೆ ಜನ ಇದ್ದರು. ಗಂಡಸರು, ಹೆಂಗಸರು, ಎಲ್ಲರ ಕಾಲ ಬಳಿ ಚೀಲ. ಒಂದೊಂದು ಚೀಲವೂ ಬಿಸಿಲು ಬೀಳುವ ಕಡೆ ಮಾತ್ರ ಬಣ್ಣ ಹೋಗಿ ಬೆಳ್ಳಗಾಗಿತ್ತು. ಒಬ್ಬ ಮುದುಕಿ ಕಸ ಗುಡಿಸುತ್ತಿದ್ದಳು. ಪೊರಕೆ ಹತ್ತಿರ ಬಂದಾಗ ಕೂತವರು ಕೆಳಗೆ ನೋಡದೆ ಕಾಲೆತ್ತುತ್ತಿದ್ದರು, ಆಮೇಲೆ ಇಳಿಸುತ್ತಿದ್ದರು.

“ಇವರೆಲ್ಲ ಯಾರಮ್ಮಾ?” ಎಂದು ಭಾವ ಆ ಮುದುಕಿಯನ್ನು ಕೇಳಿದರು.

“ಬಸ್ಸಿಗೆ ಕಾಯ್ತಿರೋರು.”

“ಬಸ್ಸೇ ಬರಲ್ವಲ್ಲ ಇಲ್ಲಿಗೆ?”

“ಬರ್ತಿದೆ ಅಂತ ಅವಳು ಹೇಳ್ತಾಳಲ್ಲಪ್ಪ. ಅಷ್ಟು ಚೆನ್ನಾಗಿ ಹೇಳಿದ್ರೆ ಯಾರು ತಾನೇ ಎದ್ದು ಹೋಗ್ತಾರೆ? ಒಂದೇ ಒಂದು ಸಲ ಕೇಳಿ ಹೋಗ್ತೀನಿ ಅಂತಲೇ ಎಲ್ಲರೂ ಕೂತ್ಕೊಳ್ಳೋದು.”

“ಹಾಗಾದ್ರೆ ನಾನೂ ಒಂದು ಸಲ ಕೇಳಿಬಿಡ್ತೀನಿ” ಎಂದು ಭಾವ ಖಾಲಿ ಇದ್ದ ಒಂದು ಜಾಗದಲ್ಲಿ ಕೂತರು.

ಮೇಲಿನಿಂದ ಉಸಿರು ಕೇಳಿಸಿತು. ಆಮೇಲೆ ಮಾತು. ಎಲ್ಲರ ಕೈಗಳೂ ಒಟ್ಟಿಗೆ ಚೀಲದ ಹಿಡಿಕೆಗೆ ಹೋದವು. ಬಸ್ಸು ಬರಲಿಲ್ಲ. ಕೈಗಳು ಹಿಡಿಕೆ ಬಿಟ್ಟವು. ಚೀಲವೇ ಇಲ್ಲದ ಭಾವನ ಕೈ ಕೂಡ ಕಾಲ ಬಳಿ ಹೋಗಿ ಬಂದದ್ದನ್ನು ಅಕ್ಕ ನೋಡಿದಳು. ಬೆಂಚನ್ನು ತಟ್ಟಿದಳು. ಎದುರು ನಿಂತು ಚಪ್ಪಾಳೆ ತಟ್ಟಿದಳು. ಭಾವ ಅವಳ ಪಕ್ಕದಿಂದ ಇಣುಕಿ ಸ್ಪೀಕರಿನ ಕಡೆಗೇ ನೋಡುತ್ತಿದ್ದರು. ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ಆಗ ಅವರು ತುಟಿಗೆ ಬೆರಳಿಟ್ಟರು.

“ಶ್... ಸುಮ್ನಿರು. ಅವಳು ಮಾತಾಡ್ತಿದಾಳೆ.”

ಮಾತು ಸತ್ತವಳಿಗೆ ಕಟ್ಟಿಕೊಂಡ ಗಂಡ ಸುಮ್ಮನಿರು ಎಂದ. ಇದನ್ನು ಬರೆಯುವಾಗ ಈಗಲೂ ನನ್ನ ಮೈ ಉರಿಯುತ್ತದೆ. ಅಕ್ಕನಿಗೆ ಸಿಟ್ಟು ಬರಲಿಲ್ಲವಂತೆ, ಅಳುವೂ ಬರಲಿಲ್ಲವಂತೆ. ಇವರನ್ನು ಇಲ್ಲಿಂದ ಎಬ್ಬಿಸದಿದ್ದರೆ ನಾಳೆ ಆ ಮುದುಕಿ ಇವರ ಕಾಲ ಕೆಳಗೂ ಕಸ ಗುಡಿಸುತ್ತಾಳೆ ಎಂಬುದೊಂದೇ ತಲೆಯಲ್ಲಿತ್ತು. ಓಡಿ ಮೆಟ್ಟಿಲು ಹತ್ತಿದಳು.

ತನ್ನ ಹಳೇ ಕೋಣೆಯ ಹಾಗೇ ಗಾಜಿನ ಕಿಟಕಿ, ಮೇಜು. ಹಳದಿ ಟೋಪಿಯ ಮೈಕು, ಮೇಲೆ ಧೂಳು. ಯಂತ್ರದ ಗುಂಡಿಗಳು ಅವಳಿಗೆ ಅಂಗೈಗೆರೆಯಷ್ಟು ಗೊತ್ತು. ಚಾಲಕರನ್ನು ಕರೆಯುವ ಗುಂಡಿ ಒತ್ತಿದಳು. ಬರೀ ಗೊರಗೊರ. ಮತ್ತೆ ಒತ್ತಿದಳು, ಹೆಬ್ಬೆರಳು ನೋಯುವಷ್ಟು ಒತ್ತಿದಳು. ಆ ಒಂದು ತುಂಡು ಸವೆದುಹೋಗಿತ್ತು. ಕೆಳಗೆ ಬೆಂಚಿನ ಮೇಲೆ ಭಾವ ಕತ್ತು ವಾಲಿಸಿ ಕೂತೇ ಇದ್ದರು.

ಯಂತ್ರ, ಮೈಕು, ಸ್ಪೀಕರು ಎಲ್ಲಕ್ಕೂ ಒಂದೇ ಆಗಿದ್ದ ಗೋಡೆಯ ಪ್ಲಗ್ಗಿಗೆ ಕೈ ಹಾಕಿದಳು. ಹಾಕಿದ ಕೈ ಅಲ್ಲೇ ನಿಂತಿತು. ಉಳಿದ ಊರುಗಳಲ್ಲೆಲ್ಲ ಹೊಸ ಯಂತ್ರ ಬರುತ್ತಿದೆ, ಇದನ್ನೂ ಕಿತ್ತರೆ ಮತ್ತೆ ಚುಚ್ಚುವವರಿಲ್ಲ, ತನ್ನದು ಎನ್ನುವ ಧ್ವನಿ ಈ ಲೋಕದಲ್ಲಿ ಉಳಿಯುವುದಿಲ್ಲ. ಆಸ್ಪತ್ರೆಯಲ್ಲಿ ಒಂದು ಸಲ ಕಿತ್ತರು, ಈಗ ಕೀಳಬೇಕಾದವಳು ತಾನೇ. ಅಕ್ಕ ಕಣ್ಣು ಮುಚ್ಚಿ ಎಳೆದಳು. ಯಂತ್ರದ ಕೆಂಪು ದೀಪ ಆರಿತು, ಗುಂಯ್ ಎನ್ನುತ್ತಿದ್ದ ಸದ್ದೂ ನಿಂತಿತು.

ಕೆಳಗೆ ಯಾರೂ ಅಲ್ಲಾಡಲಿಲ್ಲ. ನಿಂತುಹೋದ ಧ್ವನಿಯನ್ನು ಎಲ್ಲರೂ ಕತ್ತು ವಾಲಿಸಿ ಕೇಳುತ್ತಲೇ ಇದ್ದರು. ಭಾವನ ತುಟಿಯಲ್ಲಿ ಅದೇ ನಗು.

ಆಗ ಅಕ್ಕನ ಕೈ ಹಳೇ ಚಾಳಿಯಂತೆ ಮೈಕಿನ ಸ್ವಿಚ್ ಒತ್ತಿತು. ಯಾಕೆ ಎಂದು ಅವಳಿಗೇ ಗೊತ್ತಿಲ್ಲ. ಒತ್ತಿ, ಆಮೇಲೆ ಉಸಿರೆಳೆದುಕೊಂಡಳು. ಕತ್ತಿನ ತೂತಿನಲ್ಲಿ ಗಾಳಿ ಸುಂಯ್ ಎಂದಿತು. ಬಾಯಿ ತೆರೆದಳು. ಎಂದಿನಂತೆ ಏನೂ ಬರಲಿಲ್ಲ. ಆದರೆ ಕರೆಂಟೇ ಇಲ್ಲದ ಆ ಸ್ಪೀಕರುಗಳಿಂದ, ಮಾಡಿನ ಉದ್ದಕ್ಕೂ, ಅವಳ ಉಸಿರು ಕೇಳಿಸಿತು. ಯಂತ್ರದೊಳಗಿನ ಹಳೇ ಮೈಕಮ್ಮನ ಉಸಿರಲ್ಲ ಅದು. ಈಗಿನ ಉಸಿರು, ಒದ್ದೆಯಾದದ್ದು, ಬಿರುಕು ಬಿಟ್ಟದ್ದು. ಪ್ಲಗ್ಗು ಅವಳ ಎಡಗೈಯಲ್ಲೇ ಇತ್ತು.

“ಬಂದೆ, ಬಂದೆ” ಎಂದು ಭಾವ ಎದ್ದು ನಿಂತರು. ಚಹಾದಂಗಡಿಯಿಂದ ಏಳುತ್ತಿದ್ದ ಹಾಗೇ ಜೇಬು ತಟ್ಟಿ ಬೀಗದ ಕೈ ಹುಡುಕಿದರು. ಬೆಂಚಿನ ಮೇಲಿದ್ದವರಲ್ಲಿ ಯಾರೋ ಕೆಮ್ಮಿದರು. ಒಬ್ಬಾತ ಪಕ್ಕದವನನ್ನು ಗಂಟೆ ಎಷ್ಟಾಯಿತು ಎಂದು ಕೇಳಿದ. ಅಕ್ಕ ಇಳಿದು ಬರುವಷ್ಟರಲ್ಲಿ ಒಬ್ಬೊಬ್ಬರೇ ಚೀಲ ಎತ್ತಿಕೊಂಡು, ಯಾರನ್ನೂ ನೋಡದೆ, ಬಿಸಿಲಿಗೆ ನಡೆದು ಹೋಗುತ್ತಿದ್ದರು. ಕಸ ಗುಡಿಸುವ ಮುದುಕಿ ಮಾತ್ರ ಪೊರಕೆ ಹಿಡಿದು ಖಾಲಿ ಬೆಂಚುಗಳ ನಡುವೆ ನಿಂತಿದ್ದಳು.

ವ್ಯಾನಿನಲ್ಲಿ ಕೂತು ಅಕ್ಕ ಹಲಗೆಯನ್ನು ಎರಡು ಸಲ ತಟ್ಟಿದಳು. ಭಾವ ಹೊರಟರು. ಸ್ವಲ್ಪ ದೂರ ಹೋದ ಮೇಲೆ, “ತುಂಬ ಹೊತ್ತು ಕಾಯಿಸಿಬಿಟ್ಟೆ ಅಲ್ವೇನೇ?” ಎಂದು ಅವಳ ಕಡೆ, ಅವಳ ಮುಖವನ್ನೇ ನೋಡಿ ಕೇಳಿದರು. ಆಗ ಅಕ್ಕನಿಗೆ ಅಳು ಬಂತು.

ಮನೆಗೆ ಬಂದ ಮೇಲೆ ನಾನು ಕೇಳಿದೆ, “ಅದಿರಲಿ ಭಾವ, ಇಷ್ಟೆಲ್ಲ ಸುತ್ತಿದಿರಲ್ಲ, ನಿಮಗೆ ಎಲ್ಲಕ್ಕಿಂತ ಇಷ್ಟವಾದದ್ದು ಯಾವುದು?”

“ಆ ಬಯಲಿನ ಸ್ಟ್ಯಾಂಡಿನಲ್ಲಿ ಇವಳು ಮೈಕಲ್ಲಿ ‘ಏಳ್ರೀ, ಮನೆಗೆ ಹೋಗೋಣ’ ಅಂದ್ಲಲ್ಲ, ಅದು.”

“ಅಯ್ಯೋ ಭಾವ, ಅಂಥ ಗುಂಡಿಯೇ ಇಲ್ವಂತೆ ಯಂತ್ರದಲ್ಲಿ!”

“ಯಂತ್ರ ಅಂತ ಯಾರಂದ್ರು? ಇವಳು ಅಂದ್ಲು ಅಂದೆ.”

ನಾನು ಅಕ್ಕನ ಕಡೆ ನೋಡಿದೆ. ಅವಳು ಇಲ್ಲ ಎಂದು ತಲೆಯಾಡಿಸಿದಳು. ಏನೂ ಹೇಳಲಿಲ್ಲ, ಬರೀ ಉಸಿರೆಳೆದೆ, ಅಷ್ಟೇ ಎಂದವು ಅವಳ ಕೈಗಳು.

ಅವಳೀಗ ಚಪ್ಪಾಳೆ ತಟ್ಟುವುದನ್ನು ಬಿಟ್ಟಿದ್ದಾಳೆ. ಮೊನ್ನೆ ಅಡುಗೆಮನೆಯಲ್ಲಿ ನಾವಿಬ್ಬರೂ ಬಟಾಣಿ ಬಿಡಿಸುತ್ತಾ ಕೂತಿದ್ದೆವು. ಮೇಲಿನ ಅಟ್ಟದ ಡಬ್ಬ ಅವಳಿಗೆ ಎಟುಕಲಿಲ್ಲ. ಸುಮ್ಮನೆ ನಿಂತು, ಕತ್ತಿನ ಬಟ್ಟೆ ಅಲ್ಲಾಡುವಷ್ಟು ಒಂದು ಉಸಿರೆಳೆದುಕೊಂಡಳು. ಹಿತ್ತಿಲಿನ ಆ ತುದಿಯಲ್ಲಿ ಗಿಡಗಳಿಗೆ ನೀರು ಬಿಡುತ್ತಿದ್ದ ಭಾವ ಪೈಪನ್ನು ಅಲ್ಲೇ ಹಾಕಿ, “ಬಂದೆ, ಬಂದೆ” ಎಂದರು. ಪಕ್ಕದಲ್ಲೇ ಕೂತಿದ್ದ ನನಗೆ ಏನೂ ಕೇಳಿಸಿರಲಿಲ್ಲ.