ಬಾನೆಟ್ ಮೇಲಿನ ಬಸುರಿ

ಶನಿವಾರ ಮಧ್ಯಾಹ್ನ, ಮಹದೇವಪುರ. ಏರೋಪ್ಲೇನ್ ಚಿಟ್ಟೆಗಳನ್ನು ಎಣಿಸಲು ಕೆರೆಗೆ ಹೋಗಿದ್ದೆ, ಕಂಡದ್ದು ನಾಲ್ಕೇ. ಐದನೆಯದು ಸಿಕ್ಕಿದ್ದು ದಡದಾಚೆ, ನನ್ನನ್ನು ಕರೆತಂದಿದ್ದ ಟ್ಯಾಕ್ಸಿಯ ಮೇಲೆ. ಕರಿ ಬಾನೆಟ್‌ಗೆ ಬಾಲ ತಾಗಿಸಿ ತಾಗಿಸಿ ಏಳುತ್ತಿತ್ತು.

“ನನ್ನ ಪಾಲಿಶ್‌ಗೆ ಮರುಳಾಗೈತೆ ಮೇಡಂ,” ಎಂದು ಚಾಲಕ ಮುನಿರಾಜಣ್ಣ ಬೀಗಿದರು.

“ಹೊಳೆಯೋದು ನೋಡಿ ನೀರು ಅಂದ್ಕೊಂಡು ಮೊಟ್ಟೆ ಇಡ್ತಿದೆ ಅಣ್ಣ. ಈ ಬಿಸಿಗೆ ಒಂದೂ ಉಳಿಯಲ್ಲ.”

ಅವರ ನಗು ನಿಂತಿತು. ಸೀಟಿನ ಹೊದಿಕೆ ಎಳೆದು ತಂದು ಬಾನೆಟ್ ಮೇಲೆ ಹಾಸಿದರು.

“ಏನ್ ಗುರು, ಕಾರಿಗೆ ಚಳಿನಾ?” ಪಕ್ಕದ ಕಾರಿನ ಚಾಲಕ ಕಿಚಾಯಿಸಿದ.

“ಬಸುರಿ ಬಂದವ್ಳೆ, ಸುಮ್ನಿರೋ!” ಎಂದು ಮುನಿರಾಜಣ್ಣ ಚಿಟ್ಟೆಯನ್ನು ಕೆರೆಯತ್ತ ಕೈಬೀಸಿ ಕಳಿಸಿದರು.

ಅದು ಒಂದು ಸುತ್ತು ಹಾರಿ ಪಕ್ಕದವನ ಕಾರಿಗೆ ಬಾಲ ತಾಗಿಸಿತು. ಅವನು ಗೊಣಗುತ್ತಲೇ ಹೆಗಲ ಮೇಲಿನ ಟವೆಲ್ ಬಿಚ್ಚಿ ಹಾಸಿದ.