ಬಾಣ ನೋಡಿ ಕಲಿತವರು

ಸ್ಟುಡಿಯೋ ಅಕ್ಕನನ್ನು ನಾನು ಮೊದಲು ನೋಡಿದ್ದು ಒಂದು ಮಂಗಳವಾರ, ಮಧ್ಯಾಹ್ನ ಮೂರರ ಹೊತ್ತಿಗೆ. ಅಮ್ಮ ಮತ್ತು ನಾನು ಹಳ್ಳಿಯಿಂದ ಬಸ್ಸಿನಲ್ಲಿ ಬಂದಿದ್ದೆವು. ಅಮ್ಮನ ಕರವಸ್ತ್ರದ ಗಂಟಿನಲ್ಲಿ ಉಗುರಿನಷ್ಟಗಲದ ಮೆಮೊರಿ ಕಾರ್ಡ್ ಇತ್ತು. ಅದರಲ್ಲಿ ನನ್ನ ತಂಗಿಯ ಒಂದೇ ಒಂದು ಫೋಟೋ. ಆರು ವರ್ಷಕ್ಕೇ ಜ್ವರದಲ್ಲಿ ಹೋದವಳು. ಫೋಟೋದಲ್ಲಿ ನನ್ನ ಪಕ್ಕ ನಿಂತಿದ್ದಳು. ಫ್ಲ್ಯಾಶ್ ಬಿದ್ದ ಗಳಿಗೆಯಲ್ಲಿ ಕಣ್ಣು ಮುಚ್ಚಿಬಿಟ್ಟಿದ್ದಳು.

ಸ್ಟುಡಿಯೋ ರಸ್ತೆಯಿಂದ ಎರಡು ಮೆಟ್ಟಿಲು ಕೆಳಗಿತ್ತು. ಗೋಡೆಗೆ ನೀಲಿ ಪರದೆ, ಕನ್ನಡಿಗೆ ದಾರ ಕಟ್ಟಿ ನೇತುಹಾಕಿದ ಬಾಚಣಿಗೆ. ಮೂಲೆಯಲ್ಲಿ ಅಕ್ಕನ ಗಂಡ ಕುಳಿತಿದ್ದರು. ಮೂವತ್ತು ವರ್ಷ ಫೋಟೋ ತೆಗೆದವರು. ಪಾರ್ಶ್ವವಾಯು ಬಡಿದು ಬಲಗೈ ಬಿದ್ದುಹೋಗಿತ್ತು, ಮಾತು ಅರ್ಧ ಉಳಿದಿತ್ತು. ಕಂಪ್ಯೂಟರ್ ಕೆಲಸದವನು ಬೇರೆ ಅಂಗಡಿಗೆ ಹೋದ ಮೇಲೆ ಏಳನೇ ತರಗತಿ ಓದಿದ ಅಕ್ಕನೇ ಆ ಕುರ್ಚಿಯಲ್ಲಿ ಕೂತಿದ್ದರು.

ಫೋನಿನಲ್ಲಿ ವೀಡಿಯೋ ನೋಡಿ ಕಲಿತೆ ಎಂದರು. ಪಾಠ ಹೇಳುವವರ ಭಾಷೆ ಅವರಿಗೆ ಬರದು. ಅರ್ಥವಾಗದ ಮಾತು ತಲೆ ತಿನ್ನುತ್ತದೆಂದು ಸದ್ದು ಅಡಗಿಸಿ, ವೀಡಿಯೋದಲ್ಲಿ ಮೌಸಿನ ಬಾಣ ಎಲ್ಲಿಗೆ ಹೋಗುತ್ತದೆ, ಎಲ್ಲಿ ಒತ್ತುತ್ತದೆ ಎಂದಷ್ಟೇ ನೋಡುತ್ತಿದ್ದರು. ನೋಟ್‌ಬುಕ್ಕಿನಲ್ಲಿ ಅಕ್ಷರಕ್ಕಿಂತ ಚಿತ್ರಗಳೇ ಹೆಚ್ಚು: ಕತ್ತರಿಸುವುದಕ್ಕೆ ಹಗ್ಗದ ಕುಣಿಕೆ, ಕಲೆ ತೆಗೆಯುವುದಕ್ಕೆ ಗಾಯದ ಪಟ್ಟಿ.

“ನಾನು ಮೂವತ್ತು ವರ್ಷ ನಗಿ ನಗಿ ಅಂದೆ, ಯಾರೂ ನಗ್ಲಿಲ್ಲ,” ಎಂದು ಗಂಡ ತೊದಲಿದರು. “ಇವಳು ಕೇಳೋದೇ ಇಲ್ಲ, ಕೂತಲ್ಲೇ ಕಂಪ್ಯೂಟರಲ್ಲಿ ನಗಿಸಿಬಿಡ್ತಾಳೆ.”

ಅಮ್ಮ ಕಾರ್ಡ್ ಕೊಟ್ಟಳು. “ಕಣ್ಣು ಬಿಟ್ಟ ಹಾಗೆ ಮಾಡ್ಕೊಡ್ತೀರಾ? ಒಂದ್ಸಲ ನನ್ನ ಕಡೆ ನೋಡೋ ಹಾಗೆ.”

ಮುಕ್ಕಾಲು ಗಂಟೆ ಕಾದೆವು. ಪ್ರಿಂಟ್ ಬಂತು. ಅಮ್ಮ ಅದನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.

“ಇವು ನಿನ್ನ ಕಣ್ಣು ಕಣೇ.”

ಅಕ್ಕ ಮುಚ್ಚಿಡಲಿಲ್ಲ. ಪಕ್ಕದಲ್ಲಿದ್ದ ನನ್ನ ಕಣ್ಣನ್ನೇ ತೆಗೆದು, ಚಿಕ್ಕದು ಮಾಡಿ ಕೂರಿಸಿದ್ದರಂತೆ. ವೀಡಿಯೋದಲ್ಲೂ ಹಾಗೇ ಮಾಡಿದ್ದರಂತೆ.

“ಬೇಡಮ್ಮ,” ಎಂದಳು ಅಮ್ಮ. “ಮುಚ್ಚಿದ್ದೇ ಇರ್ಲಿ. ಮೊದಲಿನದನ್ನೇ ಕೊಟ್ಬಿಡಿ.”

ಅಕ್ಕ ಕಾರ್ಡ್ ತೆರೆದರು. ಅಲ್ಲಿಯೂ ತಂಗಿ ನನ್ನ ಕಣ್ಣಿನಿಂದ ನೋಡುತ್ತಿದ್ದಳು. ಕಾರ್ಡಿನಲ್ಲಿದ್ದ ಫೋಟೋವನ್ನೇ ತಿದ್ದಿ, ಹಳೆಯದರ ಮೇಲೆಯೇ ಸೇವ್ ಮಾಡಿ, ಫೈಲ್ ಮುಚ್ಚಿಬಿಟ್ಟಿದ್ದರು. ಮೊದಲಿನದಕ್ಕಾಗಿ ಕಂಪ್ಯೂಟರಿನಲ್ಲಿ ಎಲ್ಲ ಕಡೆ ಹುಡುಕಿದರು. ಕೆನ್ನೆಯ ಚರ್ಮ ತಂದು ರೆಪ್ಪೆ ಮುಚ್ಚಲು ನೋಡಿದರು. ಅರ್ಧಕ್ಕೆ ಕೈ ತೆಗೆದು ಸೆರಗಿನಲ್ಲಿ ಬೆವರು ಒರೆಸಿಕೊಂಡರು.

ಆಮೇಲೆ ಫೋನಿನಲ್ಲಿ ಆ ಪಾಠದ ವೀಡಿಯೋ ಹಾಕಿ ನನ್ನ ಮುಂದೆ ಇಟ್ಟರು. “ನೀನು ಓದಿದವಳು. ಇವನು ಏನ್ ಹೇಳ್ತಾನೆ, ಹೇಳು.”

ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಸದ್ದು ಏರಿಸಿದೆ. ಅವರು ಹತ್ತಾರು ಸಲ ನೋಡಿದ ವೀಡಿಯೋ ಅದು. ಮೊದಲ ಮಾತನ್ನೇ ಕನ್ನಡದಲ್ಲಿ ಹೇಳಿದೆ: ಏನು ಮಾಡುವ ಮೊದಲೂ ಈ ಎರಡು ಕೀ ಒತ್ತಿ ಫೋಟೋದ ನಕಲು ಮಾಡಿಕೊಳ್ಳಿ, ಮೂಲವನ್ನು ಯಾವತ್ತೂ ಮುಟ್ಟಬೇಡಿ. ಕೀ ಒತ್ತುವ ಕೈ ವೀಡಿಯೋದಲ್ಲಿ ಕಾಣುವುದಿಲ್ಲ. ಬಾಣ ಆಗ ಸುಮ್ಮನೆ ನಿಂತಿತ್ತು.

ಅಕ್ಕ ಇನ್ನೊಂದು ಸಲ ಹೇಳಿಸಿಕೊಂಡರು. ಮೂಲೆಯಿಂದ ಗಂಡ, “ನಮ್ಮ ಕಾಲದಲ್ಲಿ ನೆಗೆಟಿವ್ ಇರ್ತಿತ್ತು,” ಎಂದರು.

ಬೇರೆ ಅಂಗಡಿಗಳಲ್ಲೂ ಕಾರ್ಡ್ ತೋರಿಸಿದೆವು. ಹಳೆಯದು ಸಿಗಲಿಲ್ಲ. ಆ ಪ್ರಿಂಟ್ ಅಮ್ಮನ ಪೆಟ್ಟಿಗೆಯಲ್ಲಿದೆ. ತೆಗೆದು ನೋಡುವಾಗ ಕಣ್ಣಿನ ಜಾಗಕ್ಕೆ ಹೆಬ್ಬೆರಳು ಅಡ್ಡ ಇಟ್ಟುಕೊಳ್ಳುತ್ತಾಳೆ.

ಸ್ಟುಡಿಯೋ ಅಕ್ಕ ಈಗಲೂ ಅದೇ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ. ಗಿರಾಕಿಯ ಫೋಟೋವನ್ನು ಮೊದಲು ನಕಲು ಮಾಡಿಕೊಂಡು, ಕಾರ್ಡನ್ನು ಅವರ ಕೈಗೆ ಕೊಟ್ಟ ಮೇಲೆಯೇ ಮೌಸ್ ಮುಟ್ಟುತ್ತಾರೆ. ಮುಚ್ಚಿದ ಕಣ್ಣು ತೆರೆಸುವ ಕೆಲಸ ಒಪ್ಪಿಕೊಳ್ಳುವುದಿಲ್ಲ.